ಸೀತೂರಿನ ಅತ್ತೆಯ ಎಡೆ

ನಮ್ಮ ಮನೆಗೆ ಕಾಲಿಂಗ್ ಬೆಲ್ ಇಲ್ಲ. ಬಂದವರು ಬಾಗಿಲ ಪಕ್ಕದ ಗೋಡೆಯ ಮೇಲೆ ಸ್ವಿಚ್ಚಿಗಾಗಿ ಕೈಯಾಡಿಸಿ, ಸಿಗದೆ, ಕೊನೆಗೆ ಗಂಟಲು ಸರಿಮಾಡಿಕೊಂಡು "ಯಾರಿದ್ದೀರಿ?" ಎನ್ನುತ್ತಾರೆ. ನಮ್ಮ ಫೋನುಗಳು ಗುರುಗುಡುತ್ತವೆಯೇ ಹೊರತು ಕೂಗುವುದಿಲ್ಲ. ಅಲಾರಾಂ ಇಟ್ಟುಕೊಳ್ಳುವ ಪದ್ಧತಿಯೇ ಇಲ್ಲ. ಮಲಗಿದವರನ್ನು ಎಬ್ಬಿಸಬೇಕಾದರೆ ಹತ್ತಿರ ಹೋಗಿ ಪಾದ ಮುಟ್ಟಿ, ಅವರು ತಾವಾಗಿ ಕಣ್ಣು ಬಿಡುವವರೆಗೆ ಪಕ್ಕದಲ್ಲಿ ಕೂರುತ್ತೇವೆ. ಹೊಸ ನೆಂಟರು ಇದನ್ನೆಲ್ಲ ನೋಡಿ, ಈ ಮನೆಯವರಿಗೆ ಏನೋ ಆಗಿದೆ ಎಂದುಕೊಂಡು ಹೋಗುತ್ತಾರೆ. ಅಂದುಕೊಳ್ಳಲಿ. ನನ್ನ ಮಗಳು ಇವತ್ತು ತನ್ನ ಮಗುವನ್ನು ಹೀಗೆಯೇ ಪಾದ ಮುಟ್ಟಿ ಎಬ್ಬಿಸುತ್ತಾಳೆ. ಅವಳು ಉಳಿದದ್ದು ಸೀತೂರಿನ ಒಬ್ಬ ಹೆಂಗಸಿನಿಂದ. ಆಕೆಯ ಋಣವನ್ನು ನಾನು ಬಾಯಿಬಿಟ್ಟು ಹೇಳದಿದ್ದರೆ ಇಷ್ಟು ವರ್ಷ ಊರೂರು ತಿರುಗಿ ಮಾತಾಡಿದ ಬಾಯಿ ಇದ್ದೂ ಇಲ್ಲದ ಹಾಗೆ.

ಊರೂರು ತಿರುಗಿ ಮಾತಾಡುವುದೇ ನನ್ನ ನೌಕರಿಯಾಗಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ. ಕೊಪ್ಪದಲ್ಲಿ ನಮ್ಮ ಮನೆ. ನಾನು ಆರೋಗ್ಯ ಶಿಕ್ಷಣದ ಕೆಲಸದಲ್ಲಿದ್ದೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಹಳ್ಳಿಗಳ ಸ್ತ್ರೀಶಕ್ತಿ ಸಂಘಗಳಿಗೆ ಹೋಗಿ ಬಸಿರು, ಬಾಣಂತನ, ಮುಟ್ಟು, ಮಕ್ಕಳ ನಡುವಿನ ಅಂತರ, ಹೀಗೆ ಜನ ದನಿ ತಗ್ಗಿಸಿ ಆಡುವ ಮಾತುಗಳನ್ನೆಲ್ಲ ನಾನು ದನಿ ಎತ್ತಿ ಆಡಬೇಕಿತ್ತು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ನನ್ನ ಗಂಡನೇ "ಊಟಕ್ಕೆ ಕೂತಾಗಲಾದ್ರೂ ಆ ಭಾಷಣ ನಿಲ್ಸು ಮಾರಾಯ್ತಿ" ಎನ್ನುವಷ್ಟು ರೂಢಿಯಾಯಿತು. ಅವರು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟು. ನನ್ನ ಅಪ್ಪಯ್ಯನದು ಶೃಂಗೇರಿಯಲ್ಲಿ ಹಿತ್ತಾಳೆ ಸಾಮಾನಿನ ಅಂಗಡಿ. ದೀಪ, ಆರತಿ, ಪಂಚಪಾತ್ರೆ, ಎಲ್ಲಕ್ಕಿಂತ ಹೆಚ್ಚಾಗಿ ಗಂಟೆಗಳು. ಯಾತ್ರಿಕರು ಗಂಟೆಯನ್ನು ಬಾರಿಸಿ ನೋಡದೆ ಕೊಳ್ಳುವುದಿಲ್ಲವಾದ್ದರಿಂದ ಆ ಅಂಗಡಿಯಲ್ಲಿ ದಿನವಿಡೀ ಯಾರಾದರೊಬ್ಬರು ದೇವರನ್ನು ಕರೆಯುತ್ತಲೇ ಇರುತ್ತಿದ್ದರು.

ನನಗೆ ಒಬ್ಬಳೇ ಮಗಳು. ಅವಳು ಪಿಯುಸಿಗೆ ಸೇರಿದ ವರ್ಷ ಮೊದಲ ಸಲ ಬಿದ್ದಳು. ಬೆಳಗಿನ ಜಾವ ನಡುಮನೆಯಲ್ಲಿದ್ದ ಫೋನು ಬಡಿದುಕೊಂಡಿತು. ಯಾವುದೋ ಬಸ್ಸು ಕೆಟ್ಟು ನಿಂತ ಸುದ್ದಿ. ಮಗಳು ಫೋನಿನ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದಳು. ಧಡಕ್ಕನೆ ಎದ್ದು ಕೂತಳು, ಫೋನಿಗೆ ಕೈ ಚಾಚಿದಳು, ಚಾಚಿದ ಹಾಗೆಯೇ ಕವುಚಿ ಬಿದ್ದಳು. ಕಣ್ಣು ಮೇಲೆ ಸಿಕ್ಕಿಕೊಂಡಿತು, ಕೈಕಾಲು ಸೆಟೆದು ಅದುರಿದವು. ಪಕ್ಕದ ಮನೆಯವರು ಓಡಿ ಬಂದು ಬೀಗದ ಕೈಗಳ ಗೊಂಚಲನ್ನು ಅವಳ ಮುಷ್ಟಿಯೊಳಗೆ ತುರುಕಿದರು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ಏನೂ ಆಗುವುದಿಲ್ಲ ಎಂದು ಮೂರು ತಾಲ್ಲೂಕಿಗೆ ಸಾರುತ್ತಿದ್ದವಳು ನಾನು. ಆ ಮುಷ್ಟಿ ಬಿಚ್ಚದ ಹಾಗೆ ಒತ್ತಿ ಹಿಡಿದವಳೂ ನಾನೇ. ಸ್ವಲ್ಪ ಹೊತ್ತಿಗೆ ಮಗಳು ಕಣ್ಣು ಬಿಟ್ಟು "ಎಂತ ಆಯ್ತಮ್ಮ?" ಎಂದಳು. ಪಕ್ಕದ ಮನೆಯವರು ಬೀಗದ ಕೈ ವಾಪಸ್ಸು ತಗೊಂಡು, ನೋಡಿದಿರಾ ಎನ್ನುವ ಮುಖ ಮಾಡಿಕೊಂಡು ಹೋದರು.

ಆಮೇಲೆ ಪರೀಕ್ಷೆಗೆ ಓದಲು ಅಲಾರಾಂ ಇಟ್ಟುಕೊಂಡಿದ್ದ ಬೆಳಿಗ್ಗೆ ಒಮ್ಮೆ ಬಿದ್ದಳು. ಇನ್ನೊಮ್ಮೆ ಕಾಲೇಜಿನಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ ಬೆಂಚಿಗೆ ತಲೆಯಿಟ್ಟು ತೂಕಡಿಸುತ್ತಿದ್ದವಳು ಬೆಲ್ ಹೊಡೆದಾಗ ಎದ್ದು ಬಿದ್ದು ಮುಂದಿನ ಹಲ್ಲಿನ ಚೂರು ಕಳೆದುಕೊಂಡು ಬಂದಳು. ಈಗ ಬರೆಯುವಾಗ ಫೋನು, ಅಲಾರಾಂ, ಬೆಲ್ಲು ಮೂರೂ ಸಾಲಾಗಿ ನಿಂತು ಕಾಣುತ್ತವೆ. ಆಗ ನಮಗೆ ಕಂಡದ್ದು ಬೀಳುವುದು ಮಾತ್ರ.

ಶಿವಮೊಗ್ಗದ ಡಾಕ್ಟರಿಗೆ ತೋರಿಸಿದೆವು. ಒಳ್ಳೆಯ ಮನುಷ್ಯ, ಆತುರವಿಲ್ಲದೆ ಕೇಳಿದರು. ತಲೆಯ ಪರೀಕ್ಷೆ ಮಾಡಿಸಿದರು. ಅದರಲ್ಲಿ ಏನೂ ಸ್ಪಷ್ಟವಾಗಿಲ್ಲ, ಆದರೂ ಲಕ್ಷಣ ನೋಡಿದರೆ ಮೂರ್ಛೆ ರೋಗದ ಹಾಗಿದೆ ಎಂದರು. ಮಾತ್ರೆ ಬರೆಯುವ ಮುಂಚೆ "ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೀಗಿತ್ತಾ? ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡವರು?" ಎಂದು ವಿಚಾರಿಸಿದರು. ಗಂಡನ ಕಡೆ ಯಾರೂ ಇರಲಿಲ್ಲ. ನನ್ನ ಕಡೆಯದಕ್ಕೆ ಜೊತೆಗೆ ಬಂದಿದ್ದ ಅಪ್ಪಯ್ಯನೇ ಉತ್ತರ ಕೊಟ್ಟರು.

"ನಮ್ಮ ಮನೇಲಿ ಹಂಗೆ ಹೋದವ್ರು ಒಬ್ರೂ ಇಲ್ಲ ಡಾಕ್ಟ್ರೇ. ನಮ್ಮಪ್ಪಯ್ಯ ಎಂಬತ್ತು ದಾಟಿದ್ರು. ದೊಡ್ಡಪ್ಪಯ್ಯ ಹೋಗೋ ದಿನಾನೂ ಹಲಸಿನಕಾಯಿ ಹಪ್ಪಳ ಕಡ್ದು ತಿಂದಿದ್ರು" ಎಂದರು. ನಾನು ಹೌದೆಂದು ತಲೆಯಾಡಿಸಿದೆ.

ನಾವಿಬ್ಬರೂ ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ಹೆಣ್ಣನ್ನು ಧಾರೆಯೆರೆದು ಕೊಟ್ಟ ಮೇಲೆ ಗೋತ್ರ ಬದಲಾಗುತ್ತದೆ, ಅವಳು ಆ ಮನೆಯವಳಾಗುತ್ತಾಳೆ. ಅವಳು ಸತ್ತರೆ ತವರಿನವರಿಗೆ ಸೂತಕವೂ ಅರೆಬರೆಯದು. ಮಿಂದು, ಜನಿವಾರ ಬದಲಿಸಿ, ಅಂಗಡಿ ತೆರೆಯಬಹುದು. ವರ್ಷವರ್ಷದ ತಿಥಿ ಗಂಡನ ಮನೆಗೆ ಸೇರಿದ್ದು. ಅಪ್ಪಯ್ಯನಿಗೆ ಒಬ್ಬಳು ಅಕ್ಕ ಇದ್ದಳು, ಸೀತೂರಿಗೆ ಕೊಟ್ಟಿದ್ದರು, ನಾನು ಹುಟ್ಟುವ ಮೊದಲೇ ಹಸಿ ಬಾಣಂತಿಯಾಗಿ ಹೋದಳು ಎಂಬುದು ನನಗೂ ಗೊತ್ತಿತ್ತು. ಆ ಕಾಲದಲ್ಲಿ ಬಾಣಂತಿ ಸತ್ತಳು ಎಂದರೆ ಮುಗಿಯಿತು, ಏನಾಗಿ ಸತ್ತಳು ಎಂದು ಯಾರೂ ಮುಂದಕ್ಕೆ ಕೇಳುತ್ತಿರಲಿಲ್ಲ. ಡಾಕ್ಟರು 'ನಿಮ್ಮ ಮನೆತನ' ಎಂದಾಗ ಆಕೆ ನಮ್ಮಿಬ್ಬರ ತಲೆಗೂ ಬರಲೇ ಇಲ್ಲ. ಆಕೆ ನಮ್ಮ ಮನೆಯವಳಾಗಿರಲಿಲ್ಲ.

ಮಾತ್ರೆ ಶುರುವಾಯಿತು. ಮಗಳು ಮಂಕಾದಳು. ಊಟದ ತಟ್ಟೆಯ ಮುಂದೆ ಕೂತು ತುತ್ತು ಕೈಯಲ್ಲಿ ಹಿಡಿದು ಮರೆತುಬಿಡುತ್ತಿದ್ದಳು. ಅದನ್ನೂ ಸಹಿಸಿಕೊಳ್ಳುತ್ತಿದ್ದೆ, ಬೀಳುವುದಾದರೂ ನಿಂತಿದ್ದರೆ. ನಿಲ್ಲಲಿಲ್ಲ. ಮತ್ತೊಮ್ಮೆ ಬಿದ್ದಾಗ ಏಳಲು ತಡಮಾಡಿದಳು. ತುಟಿ ನೀಲಿಯಾಗಿತ್ತು. ಅವತ್ತಿನಿಂದ ನಾನು ಅವಳ ಪಕ್ಕದಲ್ಲೇ ಮಲಗಿ ಎದೆ ಏರಿಳಿಯುವುದನ್ನು ನೋಡುತ್ತಿದ್ದೆ. ಮಗಳು ಹೋಗಿಬಿಡುತ್ತಾಳೆ ಎಂಬ ಭಯ ನನ್ನ ಜೊತೆ ಬಸ್ಸು ಹತ್ತುತ್ತಿತ್ತು, ಸಂಘದ ಸಭೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿತ್ತು. ಅದರ ಜೊತೆಗೆ ಊರವರ ಬಾಯಿ ಬೇರೆ. ಮೂರ್ಛೆ ರೋಗದ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಒಬ್ಬಾಕೆ ನನ್ನೆದುರಿಗೇ ಮರುಗಿದಳು. "ನಿಮ್ಮ ಮಗನನ್ನಂತೂ ಕೇಳೋದಿಲ್ಲ, ನೆಮ್ಮದಿಯಾಗಿರಿ" ಎಂದು ನಾನೂ ಮರುಗಿದೆ.

ಹೀಗಿರುವಾಗ ಸೀತೂರಿನಲ್ಲಿ ಒಂದು ಸಭೆ ಗೊತ್ತಾಯಿತು. ಅದು ಪಿತೃಗಳ ಪಕ್ಷಮಾಸ. ಮಳೆ ಹೊಳವಾಗಿ ಶಾಲೆಯ ಜಗಲಿಗೆ ಬಿಸಿಲು ಬಿದ್ದಿತ್ತು. ಅವತ್ತಿನ ವಿಷಯ ತುರ್ತು ಗರ್ಭನಿರೋಧಕ ಮಾತ್ರೆ. ಟಿ.ವಿ.ಯಲ್ಲಿ ಜಾಹೀರಾತು ಬರತೊಡಗಿದ್ದರಿಂದ ಎಲ್ಲರೂ ನೋಡಿದ್ದರು, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾನು ಎಂದಿನಂತೆ ಶುರುಮಾಡಿದೆ. ಲೆಕ್ಕ ತಪ್ಪಿದಾಗ, ಕಾಂಡೋಮ್ ಹರಿದಾಗ, ಬೇಡವೆಂದರೂ ಬಲವಂತವಾದಾಗ, ಮೂರು ದಿನದೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗನೋ ಅಷ್ಟು ಒಳ್ಳೆಯದು. ಇದು ಗರ್ಭ ತೆಗೆಯುವ ಮಾತ್ರೆಯಲ್ಲ, ಆಗಲೇ ನಿಂತಿದ್ದರೆ ಇದರಿಂದ ಏನೂ ಆಗುವುದಿಲ್ಲ. ತಿಂಗಳು ತಿಂಗಳು ನುಂಗುವುದಕ್ಕೂ ಅಲ್ಲ, ಅದಕ್ಕೆ ಬೇರೆ ಉಪಾಯಗಳಿವೆ.

"ಮೂರು ದಿನ ಕಳೀತು ಅಂತ ನೆನಪು ಇಟ್ಕೊಳ್ಳೋರು ಯಾರು ಮೇಡಂ? ನಮ್ಮವ್ರಿಗೆ ಮದ್ವೆ ಆದ ವರ್ಷವೇ ನೆನಪಿಲ್ಲ" ಎಂದು ಒಬ್ಬಳು ಹೇಳಿದಾಗ ಜಗಲಿಯಿಡೀ ನಕ್ಕಿತು. ನಗುವಿನ ಮರೆಯಲ್ಲಿ ಒಬ್ಬ ಎಳೆಯ ಹೆಂಗಸು, ಮಗುವಿಗೆ ಹಾಲೂಡಿಸುತ್ತಿದ್ದವಳು, ಬಾಣಂತಿಯರು ತಗೊಳ್ಳಬಹುದಾ ಎಂದು ಕೇಳಿದಳು. ನಾನು ಅವಳ ಪಕ್ಕಕ್ಕೆ ಹೋಗಿ ಕೂತು ವಿವರಿಸಿದೆ. ನನ್ನ ಕೆಲಸದಲ್ಲಿ ನನಗೆ ತುಂಬ ಇಷ್ಟವಾಗುತ್ತಿದ್ದುದು ಆ ಗಳಿಗೆ. ಎಲ್ಲ ನಗುತ್ತಿರುವಾಗ ಒಬ್ಬಳು ನಿಜವಾಗಿ ಬೇಕಾದದ್ದನ್ನು ಕೇಳುವ ಗಳಿಗೆ.

ಸಭೆ ಮುಗಿದು ಚಾರ್ಟುಗಳನ್ನು ಸುತ್ತುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಎಲೆಯಡಿಕೆಯ ಕವಳ ಜಗಿಯುತ್ತ ಕೂತಿದ್ದ ಒಬ್ಬ ಹಿರಿಯ ಹೆಂಗಸು ಹತ್ತಿರ ಬಂದರು. ಅರವತ್ತು ದಾಟಿದ ವಯಸ್ಸು, ಹಣೆಗೆ ದೊಡ್ಡ ಕುಂಕುಮ.

"ಚೆಂದ ಹೇಳಿದ್ರಿ. ನಮಗೆ ಈ ವಯಸ್ಸಲ್ಲಿ ಎಂತ ಪ್ರಯೋಜನ ಬಿಡಿ, ಸೊಸೆಗೆ ಹೇಳ್ಬಹುದು" ಎಂದು, ನಮ್ಮ ಕಡೆಯ ಎಲ್ಲರೂ ಎರಡನೆಯ ಮಾತಿಗೆ ಕೇಳುವುದನ್ನು ಕೇಳಿದರು. "ನೀವು ಯಾವ ಮನೆಯವ್ರು?"

ಗಂಡನ ಮನೆ ಹೇಳಿದೆ. ಅಷ್ಟಕ್ಕೆ ಬಿಡಲಿಲ್ಲ, ತವರು ಯಾವುದು ಎಂದರು. ಶೃಂಗೇರಿ, ಗಂಟೆ ಅಂಗಡಿ ಎಂದೆ. ಆಕೆ ಜಗಿಯುವುದನ್ನು ನಿಲ್ಲಿಸಿದರು. ಅಂಗಳದ ಅಂಚಿಗೆ ಹೋಗಿ ಕವಳ ಉಗಿದು, ಬಾಯಿ ಮುಕ್ಕಳಿಸಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಹಂಗಾರೆ ನೀನು ನಮ್ಮಕ್ಕನ ತಮ್ಮನ ಮಗಳಲ್ವೇನೇ!"

ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಅರ್ಥವಾಯಿತು. ಆಕೆ ನಮ್ಮ ಸೀತೂರಿನ ಮಾವನ ಎರಡನೆಯ ಹೆಂಡತಿ. 'ಅಕ್ಕ' ಎಂದರೆ ನನ್ನ ಸತ್ತ ಅತ್ತೆ. ಮುಖವನ್ನೇ ನೋಡದ ಸವತಿಯನ್ನು ಆಕೆ ಅಕ್ಕ ಎಂದು ಕರೆಯುತ್ತಿದ್ದರು.

ಕಾಫಿ ಕುಡಿಯದೆ ಕಳಿಸುವುದಿಲ್ಲವೆಂದು ಮನೆಗೆ ಕರೆದುಕೊಂಡು ಹೋದರು. ಜಗಲಿಯಲ್ಲಿ ಮಾವ ಕೂತಿದ್ದರು. ಒಣಗಿದ ಮೈ, ಹೆಗಲಲ್ಲಿ ಮೈ ಒರೆಸುವ ಬೈರಾಸು. ನಾನು ಯಾರೆಂದು ಹೇಳಿದಾಗ ಎದ್ದು ನಿಂತರು, ಹಾಗೆಯೇ ಹಿತ್ತಿಲ ಕಡೆ ನಡೆದುಬಿಟ್ಟರು. "ಅವ್ರು ಹಂಗೇ. ನೀನು ಒಳಗೆ ಬಾ" ಎಂದರು ಅತ್ತೆ. ಆ ಹೊತ್ತಿಗಾಗಲೇ ನನ್ನ ಬಾಯಲ್ಲಿ ಆಕೆ ಅತ್ತೆಯಾಗಿದ್ದರು.

ಅಡುಗೆಮನೆಯಲ್ಲಿ ಬಾಳೆಲೆ ಒರೆಸಿ ಜೋಡಿಸಿಟ್ಟಿತ್ತು, ಪಕ್ಕದಲ್ಲಿ ಹೊಸ ಸೀರೆಯೊಂದು ಮಡಿಕೆ ಬಿಚ್ಚದೆ ಇತ್ತು. ಮರುದಿನ ಅವಿಧವಾ ನವಮಿ. ಗಂಡ ಇರುವಾಗಲೇ ಸತ್ತ ಮುತ್ತೈದೆಯರಿಗೆ ಎಡೆಯಿಡುವ ದಿನ. ಮದುವೆಯಾಗಿ ಬಂದ ವರ್ಷದಿಂದ ಆಕೆ ಒಂದು ವರ್ಷವೂ ತಪ್ಪಿಸಿರಲಿಲ್ಲ. ಮೊದಲ ವರ್ಷವೇ ತಮ್ಮ ಗಂಡನ ತಾಯಿಯನ್ನು ಕೇಳಿಕೊಂಡಿದ್ದರಂತೆ, ಅಕ್ಕನಿಗೆ ಏನು ಇಷ್ಟ ಎಂದು. "ಅಕ್ಕಂಗೆ ಅಕ್ಕಿ-ಬೆಲ್ಲದ ಹಾಲುಬಾಯಿ ಅಂದ್ರೆ ಪ್ರಾಣವಂತೆ. ಖಾರ ಸ್ವಲ್ಪವೂ ಆಗ್ತಿರ್ಲಿಲ್ಲವಂತೆ. ಹಂಗಾಗಿ ಅವತ್ತಿನ ಸಾರಿಗೆ ನಾನು ಮೆಣಸು ಕಮ್ಮಿ ಹಾಕೋದು" ಎಂದರು. ನನ್ನ ಅಪ್ಪಯ್ಯನಿಗೆ ತನ್ನ ಅಕ್ಕ ಏನು ತಿನ್ನುತ್ತಿದ್ದಳೆಂಬುದು ನೆನಪಿತ್ತೋ ಇಲ್ಲವೋ, ನನಗಂತೂ ಅವರು ಹೇಳಿದ್ದಿಲ್ಲ.

"ಅವರು ಹೆರಿಗೆಯಲ್ಲಿ ಹೋದರಂತಲ್ಲ ಅತ್ತೆ" ಎಂದೆ, ಮಾತಿಗೆ.

"ಯಾರಂದ್ರು? ಹೆರಿಗೆ ಚೆಂದಾಗಿ ಆಗಿತ್ತು, ನಿಮ್ಮನೇಲೇ, ಶೃಂಗೇರೀಲಿ. ಬಾಣಂತನ ಮುಗಿಸ್ಕೊಂಡು, ಗಂಡು ಮಗು ಎತ್ಕೊಂಡು ಇಲ್ಲಿಗೆ ಬಂದಿದ್ಲು. ಎಂತ ಕಾಯಿಲೆಯೂ ಇರ್ಲಿಲ್ಲ." ಅತ್ತೆ ಹಿತ್ತಿಲ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮಧ್ಯಾಹ್ನ ಮಗೂನ ಮಲಗಿಸಿ ತಾನೂ ಮಲಗಿದ್ಲಂತೆ. ತೋಟಕ್ಕೆ ಮಂಗ ಬಿದ್ದಿದ್ವು. ಇವ್ರು ಅವುಗಳನ್ನ ಓಡಿಸೋಕೆ ಗರ್ನಾಲು ಪಟಾಕಿ ಹಚ್ಚಿದ್ರು. ಢಂ ಅಂತಿದ್ದಂಗೆ ಅಕ್ಕ ಎದ್ದು ಕೂತ್ಲಂತೆ, ಮಗು ಕಡೆ ಕೈ ಚಾಚಿದ್ಲಂತೆ, ಹಂಗೇ ಕವುಚಿ ಬಿದ್ಲಂತೆ. ಕೈಕಾಲು ಒಂದು ಚೂರು ಅದುರಿ ನಿಂತೇ ಹೋಯ್ತಂತೆ. ಬಾಣಂತಿಗೆ ಹೆದರಿಕೆ ಸೋಂಕು ಅಂದ್ರು. ಇವ್ರು ಮಾತ್ರ ನಾನೇ ಕೊಂದೆ ಅಂತ ತಿಳ್ಕೊಂಡ್ರು. ಆಮೇಲೆ ಈ ಮನೇಲಿ ಗರ್ನಾಲಿಲ್ಲ, ದೀಪಾವಳಿಗೆ ಪಟಾಕಿ ಇಲ್ಲ. ಶೃಂಗೇರಿಗೆ ಇವತ್ತಿನವರೆಗೂ ಕಾಲಿಟ್ಟಿಲ್ಲ. ನಿಮ್ಮಪ್ಪಯ್ಯಂಗೆ ಯಾವ ಮುಖ ತೋರಿಸ್ಲಿ ಅಂತಾರೆ."

ನನ್ನ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಎದ್ದು ಕೂತಳು, ಕೈ ಚಾಚಿದಳು, ಕವುಚಿ ಬಿದ್ದಳು. ಅದನ್ನು ನಾನು ಕಣ್ಣಾರೆ ನೋಡಿದ್ದೆ, ನನ್ನದೇ ನಡುಮನೆಯಲ್ಲಿ, ಫೋನಿನ ಪಕ್ಕದ ಚಾಪೆಯ ಮೇಲೆ. ಫೋನು. ಅಲಾರಾಂ. ಕಾಲೇಜಿನ ಬೆಲ್ಲು. ಅತ್ತೆಗೆ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ಆಕೆ ಸಮಾಧಾನ ಮಾಡುವುದಕ್ಕೆ ಕೂರಲಿಲ್ಲ. "ಅಳೋದು ಆಮೇಲೆ. ಕೊಪ್ಪಕ್ಕೆ ಬಸ್ಸು ಈಗ ಬರ್ತದೆ, ಮೊದ್ಲು ಎದ್ದು ಹೊರಡು" ಎಂದು ನನ್ನ ಚೀಲ ನನ್ನ ಹೆಗಲಿಗೆ ಹಾಕಿದರು.

ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಪ್ಪಯ್ಯನನ್ನೂ ಹಟ ಮಾಡಿ ಕರೆದುಕೊಂಡು ಹೋದೆ. ಹೃದಯದ ವಿಭಾಗದಲ್ಲಿ ಕರಾವಳಿಯ ಮಾತಿನ ಒಬ್ಬ ಡಾಕ್ಟರಮ್ಮ ಇದ್ದರು. ನಾನು ಗರ್ನಾಲಿನ ಕಥೆ ಹೇಳತೊಡಗಿದಾಗ ಆಕೆ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಮಗಳ ಇಸಿಜಿ ತೆಗೆಸಿ, ಆ ಉದ್ದ ಕಾಗದವನ್ನು ಬೆಳಕಿಗೆ ಹಿಡಿದು, ಸ್ಕೇಲಿಟ್ಟು ಅಳೆದರು.

ಅವರು ವಿವರಿಸಿದ್ದು ನನ್ನ ಗಂಡನಿಗೆ ನನಗಿಂತ ಬೇಗ ಹತ್ತಿತು. ಹೃದಯ ಒಮ್ಮೆ ಬಡಿದ ಮೇಲೆ ಮುಂದಿನ ಬಡಿತಕ್ಕೆ ತಯಾರಾಗಲು ಅದಕ್ಕೆ ಇಂತಿಷ್ಟು ಹೊತ್ತು ಬೇಕು. ನನ್ನ ಮಗಳ ಹೃದಯ ಅದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಸುಮ್ಮನಿದ್ದಾಗ ತೊಂದರೆಯಿಲ್ಲ. ನಿದ್ದೆಯಲ್ಲಿ, ವಿಶ್ರಾಂತಿಯಲ್ಲಿ ಇರುವಾಗ ಥಟ್ಟನೆ ಸದ್ದಾಗಿ ಬೆಚ್ಚಿಬಿದ್ದರೆ, ತಯಾರಾಗುವ ಮೊದಲೇ ಮುಂದಿನ ಬಡಿತ ನುಗ್ಗಿ ಲಯವೇ ಕೆಟ್ಟುಹೋಗುತ್ತದೆ. "ಒಂದು ಬಸ್ಸು ಸ್ಟ್ಯಾಂಡ್ ಬಿಡೋಕೆ ಮೊದ್ಲೇ ಇನ್ನೊಂದು ನುಗ್ಗಿದಂಗೆ" ಎಂದರು ನನ್ನವರು. ಡಾಕ್ಟರಮ್ಮ ನಕ್ಕು ಹೌದೆಂದರು. ಲಯ ತಾನಾಗಿ ಸರಿಹೋದರೆ ಮನುಷ್ಯ ಏಳುತ್ತಾನೆ, ನೋಡಿದವರಿಗೆ ಫಿಟ್ಸ್ ಬಂದು ಹೋದ ಹಾಗೆ ಕಾಣುತ್ತದೆ. ಸರಿಹೋಗದಿದ್ದರೆ ಏಳುವುದಿಲ್ಲ.

"ಇದು ಹುಟ್ಟಿನಿಂದ ಬರುವ ದೋಷ. ಅಪ್ಪನಲ್ಲೋ ಅಮ್ಮನಲ್ಲೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಕೆಲವರು ಜೀವಮಾನದಲ್ಲಿ ಒಮ್ಮೆಯೂ ಬೀಳುವುದಿಲ್ಲ. ಹೆಂಗಸರಿಗೆ ಹೆರಿಗೆ ಆದ ಮೇಲಿನ ತಿಂಗಳುಗಳು ಜಾಸ್ತಿ ಅಪಾಯದ್ದು" ಎಂದರು. ಆಮೇಲೆ ಬಿಳಿ ಕಾಗದದ ಮೇಲೆ ಗೆರೆ ಎಳೆದು, ಅಪ್ಪಯ್ಯನ ಕಡೆ ತಿರುಗಿ, "ಅಜ್ಜ, ಈಗ ನಿಮ್ಮ ಕುಟುಂಬ ಹೇಳಿ. ಮದುವೆ ಆಗಿ ಹೋದವರನ್ನು ಬಿಡ್ಲಿಕ್ಕಿಲ್ಲ, ಅವರನ್ನೇ ಮೊದಲು ಹೇಳಿ" ಎಂದರು.

ಅಪ್ಪಯ್ಯ ಆ ಗೆರೆಯನ್ನೇ ನೋಡುತ್ತ ಕೂತರು, ಸೀತೂರಿನದನ್ನೆಲ್ಲ ನಾನೇ ಹೇಳಿದೆ. ಅವರ ಇಸಿಜಿ ತೆಗೆದರು, ತಯಾರಾಗುವ ಹೊತ್ತು ಅದರಲ್ಲೂ ಉದ್ದವಿತ್ತು. ನನ್ನದು ತೆಗೆದರು, ಅದೂ ಉದ್ದವಿತ್ತು. ಇಡೀ ಜೀವಮಾನ ಗಂಟೆಗಳ ನಡುವೆ ಕೂತ ಮನುಷ್ಯನಿಗೆ ಏನೂ ಆಗಿರಲಿಲ್ಲ. ನಾನು ಹೆತ್ತು, ಬಾಣಂತನ ಮುಗಿಸಿ, ಕರ್ಕಶ ಹಾರ್ನಿನ ಎಷ್ಟೋ ಬಸ್ಸುಗಳಲ್ಲಿ ತೂಕಡಿಸಿ ಓಡಾಡಿದ್ದೆ. ನನಗೆ ಆಗ ಬಂದದ್ದು ಹೆದರಿಕೆಯಲ್ಲ. ನನ್ನ ಎದೆಯ ಮೇಲೆ ಕೈಯಿಟ್ಟುಕೊಂಡು, ಇಷ್ಟು ದಿನ ಬಡಿದೆಯಲ್ಲ ಮಾರಾಯ, ಅಂದುಕೊಂಡೆ.

ಹೃದಯದ ಮಾತ್ರೆ ಶುರುವಾಯಿತು. ಶಿವಮೊಗ್ಗದ ಡಾಕ್ಟರ ಜೊತೆ ಮಾತಾಡಿ ಮೂರ್ಛೆ ರೋಗದ ಮಾತ್ರೆಯನ್ನು ನಿಧಾನಕ್ಕೆ ಇಳಿಸಿ ಬಿಡಿಸಿದರು. ಕೆಲವು ಆಂಟಿಬಯಾಟಿಕ್, ವಾಂತಿಯ ಕೆಲವು ಮಾತ್ರೆಗಳನ್ನು ನಮ್ಮಂಥವರು ಮುಟ್ಟಬಾರದು, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ಹೇಳಬೇಕು ಎಂದು ತಾಕೀತು ಮಾಡಿದರು. ಮನೆಗೆ ಬಂದ ದಿನ ನನ್ನ ಗಂಡ ಫೋನಿನ ಹೊಟ್ಟೆ ಬಿಚ್ಚಿ ಗಂಟೆಗೆ ಬಟ್ಟೆ ಸುತ್ತಿದರು. ಮಗಳು ತಿಂಗಳೊಪ್ಪತ್ತಿನಲ್ಲಿ ತಟ್ಟೆಯ ಮುಂದೆ ಕೂತು ಉಪ್ಪು ಕಮ್ಮಿಯೆಂದು ಜಗಳ ತೆಗೆದಳು. ಅಂಥ ಸವಿಯಾದ ಜಗಳವನ್ನು ನಾನು ಮತ್ತೆ ಕೇಳಿಲ್ಲ.

ಆಸ್ಪತ್ರೆಯಿಂದ ಮರಳುವಾಗ ಬಸ್ಸು ಆಗುಂಬೆ ಘಾಟಿಯ ತಿರುವುಗಳನ್ನು ಹತ್ತುತ್ತಿದ್ದಂತೆ ಅಪ್ಪಯ್ಯ ಕಿಟಕಿಯಾಚೆ ನೋಡುತ್ತಲೇ ಹೇಳಿದ್ದರು. "ನೆಮ್ಮಾರಿಗೆ ಕೊಟ್ಟ ಒಬ್ಬ ಅತ್ತೆ ಇದ್ರು ನಂಗೆ. ಸಿಡಿಲು ಹೊಡೆದಾಗ ಮಲಗಿದ್ದಲ್ಲೇ ಹೋದ್ರಂತೆ. ಸಿಡಿಲು ಬಿದ್ದಿದ್ದು ಆಚೆ ಗುಡ್ಡಕ್ಕೆ." ಸ್ವಲ್ಪ ದೂರ ಹೋದ ಮೇಲೆ, "ಅಕ್ಕ ನನ್ನ ಕಂಕುಳಲ್ಲಿ ಎತ್ಕೊಂಡು ತಿರುಗ್ತಿದ್ಲು" ಎಂದರು. ಅವರ ಬಾಯಲ್ಲಿ ಆ ಅಕ್ಕನ ಮಾತು ನಾನು ಕೇಳಿದ್ದು ಅದೇ ಮೊದಲು.

ಸೀತೂರಿಗೆ ಸುದ್ದಿ ಮುಟ್ಟಿಸಿದೆ. ಅತ್ತೆಗೆ ಖುಷಿಯೂ ದಿಗಿಲೂ ಒಟ್ಟಿಗೇ ಆಯಿತು, ಯಾಕೆಂದರೆ ಅವತ್ತು ತೊಟ್ಟಿಲಲ್ಲಿದ್ದ ಮಗುವನ್ನು ಸಾಕಿ ಬೆಳೆಸಿದವರು ಅವರು. ಆ ಮಗು, ಅಂದರೆ ನನ್ನ ಭಾವ, ಆಗ ಮೀಸೆ ನರೆತ ಗಂಡಸು. "ನಂಗೆ ಎಂತ ಆಗಿದೆ? ಅಡಿಕೆ ಮರ ಹತ್ತಿ ಇಳೀತೀನಿ" ಎಂದು ಹಾರಾಡಿದ. ಅತ್ತೆ ಊಟ ಬಿಟ್ಟು ಕೂತರು. ಸಾಯಂಕಾಲದೊಳಗೆ ಭಾವ ಒಪ್ಪಿದ. ಅವನ ಇಸಿಜಿಯೂ ಉದ್ದವಿತ್ತು. ಅವನೂ ಮಾತ್ರೆ ನುಂಗತೊಡಗಿದ, ದಿನವೂ ಬೈದುಕೊಂಡು, ದಿನವೂ ತಪ್ಪದೆ.

ಮರುವರ್ಷದ ಅವಿಧವಾ ನವಮಿಗೆ ಅತ್ತೆ ಮುತ್ತೈದೆಯಾಗಿ ನನ್ನನ್ನು ಕರೆದರು. ಅಷ್ಟು ವರ್ಷ ನೆರೆಮನೆಯವರನ್ನು ಕರೆದು ಸೀರೆ ಕೊಡುತ್ತಿದ್ದರಂತೆ, ಅಕ್ಕನ ತವರಿನವರೊಬ್ಬರು ಬರಲಿ ಎಂಬ ಆಸೆ ಮೊದಲಿಂದಲೂ ಇತ್ತಂತೆ. ಅಪ್ಪಯ್ಯ ತಾನೂ ಬರುತ್ತೇನೆಂದರು. ಕೊಟ್ಟ ಹೆಣ್ಣಿನ ತಿಥಿಗೆ ತವರಿನವರು ಹೋಗಿ ಕೂರುವುದುಂಟೇ ಎಂದು ಶೃಂಗೇರಿಯಲ್ಲಿ ಯಾರೋ ಅಂದರಂತೆ. ಅಪ್ಪಯ್ಯ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದರು.

ಇಬ್ಬರು ಮುದುಕರು ಸೀತೂರಿನ ಅಂಗಳದಲ್ಲಿ ಎದುರಾದರು. ಮಾವ ತಲೆ ಎತ್ತಲಿಲ್ಲ. ಕೈ ಮುಗಿದು ಹಾಗೆಯೇ ನಿಂತರು. ನಾನು ದಾರಿಯುದ್ದಕ್ಕೂ ಅಪ್ಪಯ್ಯನಿಗೆ ಹೀಗೆ ಹೇಳಿ, ಹಾಗೆ ಹೇಳಿ ಎಂದು ಪಾಠ ಮಾಡಿದ್ದೆ. ಅವರು ಅದ್ಯಾವುದನ್ನೂ ಹೇಳಲಿಲ್ಲ. ಹೋಗಿ ಮಾವನ ಮುಗಿದ ಕೈಗಳನ್ನು ಬಿಡಿಸಿ ಹಿಡಿದುಕೊಂಡರು.

"ಭಾವ, ನೀವು ಗರ್ನಾಲು ಹಚ್ಚದಿದ್ರೂ ಸಂಜೆ ಗುಡುಗು ಬಂದು ಅದೇ ಆಗ್ತಿತ್ತು. ದೋಷ ನಮ್ಮ ಮನೇಲಿ ಇತ್ತು. ನನ್ನ ಎದೇಲೂ ಉಂಟಂತೆ. ನಮಗೆ ಗೊತ್ತಿಲ್ದೆ ಅದನ್ನ ಅಕ್ಕನ ಜೊತೆ ಕೊಟ್ಟು ಕಳಿಸಿದ್ವಿ." ಹಿಡಿದ ಕೈ ಬಿಡಲಿಲ್ಲ. "ಅಕ್ಕ ನಮ್ಮ ಮನೆಯವಳು ಭಾವ. ನಿಮ್ಮದೇನೂ ತಪ್ಪಿಲ್ಲ."

ಮಾವ ಆಗ ಅತ್ತರು. ಅಷ್ಟು ವಯಸ್ಸಾದ ಗಂಡಸು ಹಾಗೆ ದನಿ ತೆಗೆದು ಅತ್ತದ್ದನ್ನು ನಾನು ಎಲ್ಲೂ ನೋಡಿಲ್ಲ. ಅತ್ತೆ ಒಳಗಿಂದ ಬಂದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಎಡೆ ಆರ್ತದೆ, ಬನ್ನಿ" ಎಂದು ಇಬ್ಬರನ್ನೂ ಗದರಿದರು. ಅಕ್ಕನ ಹೆಸರಿಗೆ ಹಾಕಿದ ಅಗ್ರದ ಎಲೆಯಲ್ಲಿ ಹಾಲುಬಾಯಿ ಇತ್ತು. ಖಾರವಿಲ್ಲದ ಸಾರನ್ನು ಅಪ್ಪಯ್ಯ ಎರಡು ಸಲ ಬಡಿಸಿಕೊಂಡರು.

ಊಟವಾದ ಮೇಲೆ ಮಗಳು ಜಗಲಿಯ ಚಾಪೆಯ ಮೇಲೆ ನಿದ್ದೆ ಹೋದಳು. ನಾನು ಅತ್ತೆ ಕೊಟ್ಟ ಹೊಸ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಅವಳ ಪಕ್ಕದಲ್ಲಿ ಕೂತಿದ್ದೆ. ಅಷ್ಟರಲ್ಲಿ ತೋಟಕ್ಕೆ ಮಂಗಗಳ ಹಿಂಡು ಇಳಿಯಿತು. ಅಂಗಳದ ತೆಂಗಿನಿಂದ ಒಂದು ಎಳನೀರು ಕಿತ್ತು ತಿರುಚತೊಡಗಿದವು. ಭಾವ ಅಭ್ಯಾಸದಿಂದ ಹೋ ಎಂದು ಕೂಗಲು ಬಾಯಿ ತೆರೆದ. ಮಾವ ಕೈ ಎತ್ತಿ ತಡೆದರು. ಮಲಗಿದ್ದ ಹುಡುಗಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಆ ಮುದುಕ ಚಪ್ಪಲಿಯನ್ನೂ ಹಾಕಿಕೊಳ್ಳದೆ ಅಂಗಳಕ್ಕೆ ಇಳಿದು, ಹೆಗಲ ಬೈರಾಸು ತೆಗೆದು, ಒಂದಿಷ್ಟೂ ಸದ್ದು ಮಾಡದೆ, ತಲೆಯ ಮೇಲೆ ಬೀಸುತ್ತ ಮಂಗಗಳ ಹಿಂದೆ ತೋಟದ ಕಡೆ ನಡೆದರು. ನನ್ನ ಮಗಳು ಪೂರ್ತಿ ನಿದ್ದೆ ಮಾಡಿ ತಾನಾಗಿ ಎದ್ದಳು.